ಕೊಡಗಿನ ಗಣಿತ ಟೀಚರ್, ಮಾಲ್ದೀವ್ಸ್‌ನ ಮಕ್ಕಳು: ಭಾಷೆ ಗೊತ್ತಿಲ್ಲದ ಊರಲ್ಲಿ ಪಾಠ ಮಾಡಿದ ಒಂದು ಪ್ರಕರಣ

ವಿರಾಜಪೇಟೆ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ಟೀಚರ್ ಒಬ್ಬರು ಮಾಲ್ದೀವ್ಸ್‌ನ ಸಣ್ಣ ದ್ವೀಪವೊಂದರ ಶಾಲೆಗೆ ಕೆಲಸಕ್ಕೆ ಹೋದರು. ಅಲ್ಲಿನ ಭಾಷೆ ದಿವೇಹಿ. ಅವರಿಗೆ ಅದರ ಒಂದಕ್ಷರವೂ ಗೊತ್ತಿರಲಿಲ್ಲ. ಶಾಲಾ ವರ್ಷದ ಮೊದಲ ಅವಧಿ (ಟರ್ಮ್) ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟು ಊರಿಗೆ ಬರುವ ಯೋಚನೆ ಮಾಡಿದ್ದರು. ಕೆಲಸ ಬಿಡಲಿಲ್ಲ. ಒಪ್ಪಂದ ಮುಗಿದ ಮೇಲೆ ಅದನ್ನು ಮುಂದುವರಿಸಿ ಅಲ್ಲೇ ಇದ್ದಾರೆ. ಈ ನಡುವೆ ತರಗತಿಯಲ್ಲಿ, ಸ್ಟಾಫ್ ರೂಮಿನಲ್ಲಿ ಏನೇನು ಬದಲಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೊಡಗಿನಲ್ಲಿ ಶಿಕ್ಷಕರ ತರಬೇತಿಯ ಕೆಲಸ ಮಾಡುವವಳು. ಬಿ.ಎಡ್. ಮುಗಿಸಿದ ಹುಡುಗಿಯರು ಹೊರದೇಶದ ಕೆಲಸದ ಬಗ್ಗೆ ಕೇಳಲು ಬರುತ್ತಾರೆ. ಸಂಬಳ ಎಷ್ಟು, ಮನೆ ಕೊಡ್ತಾರಾ, ಸರ್ಟಿಫಿಕೇಟಿಗೆ ಎಲ್ಲೆಲ್ಲಿ ಸೀಲ್ ಹಾಕಿಸಬೇಕು, ಇದೇ ಪ್ರಶ್ನೆಗಳು. ಭಾಷೆಯ ಮಾತು ತೆಗೆದರೆ ಬರುವ ಉತ್ತರ ಒಂದೇ: "ಅಲ್ಲಿ ಇಂಗ್ಲಿಷ್ ಮೀಡಿಯಂ ಅಲ್ವಾ ಮೇಡಂ, ಏನೂ ತೊಂದರೆ ಇಲ್ಲ." ಈ ಪ್ರಕರಣದಲ್ಲಿ ತೊಂದರೆ ಶುರುವಾದದ್ದೇ ಆ ನಂಬಿಕೆಯಿಂದ.

ಬರೆಯಲು ಟೀಚರ್ ಒಪ್ಪಿದ್ದಾರೆ. ಅವರ ಹೆಸರು, ದ್ವೀಪದ ಹೆಸರು, ಶಾಲೆಗಳ ಹೆಸರು ಬಿಟ್ಟಿದ್ದೇನೆ.

ಹೋದವರು ಯಾರು, ಎಲ್ಲಿಗೆ

ಟೀಚರ್ ಭಾಗಮಂಡಲದ ಕಡೆಯವರು. ಮನೆಮಾತು ಅರೆಭಾಷೆ. ಓದಿದ್ದು ಕನ್ನಡ ಮೀಡಿಯಂ, ಪದವಿ ಇಂಗ್ಲಿಷಿನಲ್ಲಿ. ಕೆಲಸ ಸಿಕ್ಕಿದ್ದು ವಿರಾಜಪೇಟೆ ಕಡೆ. ಅಲ್ಲಿ ಅವರ ತರಗತಿ ಹೇಗಿತ್ತು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬೆಂಚಿನಲ್ಲಿ ಕೊಡವ ತಕ್ಕ್ ಮಾತಾಡುವ ಹುಡುಗಿ, ಪಕ್ಕದಲ್ಲಿ ಮಲಯಾಳಂ ಮನೆಯ ಹುಡುಗ, ಹಿಂದೆ ಯರವ ಬುಡಕಟ್ಟಿನ ಹಾಡಿಯ ಮಕ್ಕಳು, ಅವರ ಹಿಂದೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಯಲ್ಲಿ, ಅಂದರೆ ತೋಟದ ಸಾಲುಮನೆಯಲ್ಲಿ, ಇರುವವರ ಮಕ್ಕಳು. 2011ರ ಜನಗಣತಿಯಲ್ಲಿ ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಅಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟು ಮಾತುಗಳು. ರೋಬಸ್ಟಾ ಕಾಫಿಯ ಕೊಯ್ಲು ಶುರುವಾದರೆ ಲೈನ್ ಮನೆ ಮಕ್ಕಳ ಹಾಜರಿ ಇಳಿಯುತ್ತದೆ, ಹೊಸ ಮಕ್ಕಳು ವರ್ಷದ ನಡುವೆ ಬಂದು ಸೇರುತ್ತಾರೆ. ಈ ಟೀಚರ್ ಅಂಥ ತರಗತಿಯನ್ನು ಚೆನ್ನಾಗಿ ನಡೆಸುತ್ತಿದ್ದರು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಇದೇ ಮುಖ್ಯವಾಗುತ್ತದೆ.

ಹೋಗಲು ಕಾರಣ ಸಂಬಳ. ತಮ್ಮನ ಓದು ಬಾಕಿ ಇತ್ತು, ಮನೆಯ ಕಾಫಿ ತೋಟ ಸಣ್ಣದು. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಮಾಲ್ದೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳಿವೆ. ಜನ ವಾಸ ಇರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಪ್ರತಿ ದ್ವೀಪಕ್ಕೂ ಬೇಕಾದಷ್ಟು ವಿಷಯ ಶಿಕ್ಷಕರು ಒಳಗೇ ಸಿಗುವುದು ಕಷ್ಟ. ಹಾಗಾಗಿ ದಶಕಗಳಿಂದ ಭಾರತದ ಶಿಕ್ಷಕರು ಅಲ್ಲಿ ಕೆಲಸ ಮಾಡುತ್ತಿದ್ದಾರೆ, ಹೈಸ್ಕೂಲು ಮಟ್ಟದಲ್ಲಿ ಜಾಸ್ತಿ. ದಿವೇಹಿ ಮತ್ತು ಇಸ್ಲಾಂ ಪಾಠ ಬಿಟ್ಟರೆ ಉಳಿದ ವಿಷಯಗಳಿಗೆ ಇಂಗ್ಲಿಷ್ ಮಾಧ್ಯಮ. ಶುಕ್ರವಾರ, ಶನಿವಾರ ರಜೆ. ಭಾನುವಾರ ಶಾಲೆ. ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ದೇಶದ ಹೆಚ್ಚಿನ ಕಡೆ ನೆಲ ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರ, ಅಷ್ಟೇ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್. ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಆ ಚಪ್ಪಟೆ ನೆಲ ಅಭ್ಯಾಸ ಆಗಲು ಭಾಷೆಗಿಂತ ಜಾಸ್ತಿ ದಿನ ಹಿಡಿಯಿತು ಅಂತ ಅವರು ಹೇಳಿದ್ದುಂಟು.

ಊಟ, ಉಡುಗೆ, ಪೂಜೆಯ ವಿಚಾರ ಬೇಗ ಮುಗಿಸುತ್ತೇನೆ. ಹೋಗುವ ಮೊದಲೇ ಅವರಿಗೆ ಗೊತ್ತಿತ್ತು. ಪೂಜೆಯ ವಿಗ್ರಹ ಒಯ್ಯುವಂತಿಲ್ಲ, ಹಂದಿ ಮಾಂಸ ಇಲ್ಲ, ಬಟ್ಟೆ ಮೈ ಮುಚ್ಚುವಂತಿರಬೇಕು, ರಂಜಾನ್ ತಿಂಗಳಲ್ಲಿ ಹಗಲು ಎಲ್ಲರ ಎದುರು ತಿನ್ನುವಂತಿಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನ ಮನೆ ನೆನಪಾಗಿ ಅತ್ತರು. ಆದರೆ ವಾಪಸ್ ಬರುವ ಯೋಚನೆ ಹುಟ್ಟಿದ್ದು ಇದರಿಂದ ಅಲ್ಲ.

ಮೊದಲ ಅವಧಿ

ಅವರಿಗೆ ಕೊಟ್ಟದ್ದು ಏಳು ಮತ್ತು ಎಂಟನೇ ತರಗತಿಯ ಗಣಿತ. ಮೊದಲ ವಾರ ತುಂಬಾ ಖುಷಿಯಲ್ಲಿದ್ದರು. "ಅಕ್ಕ, ಮಕ್ಕಳ ಇಂಗ್ಲಿಷ್ ನನಗಿಂತ ಚೆನ್ನಾಗಿದೆ" ಅಂತ ನನಗೆ ಫೋನಿನಲ್ಲಿ ಹೇಳಿದರು. ನಿಜ, ಮಕ್ಕಳು ಯೂಟ್ಯೂಬ್ ನೋಡಿ, ಆನ್‌ಲೈನ್ ಆಟ ಆಡಿ ಸಲೀಸಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. "ಮಿಸ್, ನಿಮ್ಮ ಊರಲ್ಲಿ ಆನೆ ಇದೆಯಾ?" ಅಂತ ಕೇಳುತ್ತಿದ್ದರು. ಪಾಠ ಮುಗಿಸಿ "ಅರ್ಥ ಆಯ್ತಾ?" ಅಂದರೆ ಇಡೀ ತರಗತಿ "ಎಸ್ ಮಿಸ್" ಅನ್ನುತ್ತಿತ್ತು.

ಮೊದಲ ಟೆಸ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮಾತಿನ ರೂಪದ ಲೆಕ್ಕಗಳನ್ನು ಮುಟ್ಟಿರಲಿಲ್ಲ. ಬರೀ ಸಂಖ್ಯೆಯ ಲೆಕ್ಕ ಮಾಡಿದ್ದರು. ಇಂಗ್ಲಿಷಿನ ನಾಲ್ಕು ಸಾಲು ಬಂದ ಕಡೆ ಕಾಗದ ಖಾಲಿ.

ಇಲ್ಲಿ ಒಂದು ವಿಷಯ ನಿಂತು ನೋಡಬೇಕು. ಕೆನಡಾದ ಜಿಮ್ ಕಮ್ಮಿನ್ಸ್ ಎಂಬ ಭಾಷಾ ತಜ್ಞರು 1970ರ ದಶಕದ ಕೊನೆಯಿಂದಲೂ ಇದನ್ನೇ ಹೇಳುತ್ತಾ ಬಂದಿದ್ದಾರೆ. ಮಕ್ಕಳು ಹೊಸ ಭಾಷೆಯಲ್ಲಿ ಹರಟೆ ಹೊಡೆಯಲು ಕಲಿಯುವುದು ಬೇಗ, ಸುಮಾರು 2 ವರ್ಷದಲ್ಲಿ ಆಗುತ್ತದೆ. ಅದೇ ಭಾಷೆಯಲ್ಲಿ ಪಾಠ ಓದಿ, ಯೋಚಿಸಿ, ಬರೆಯುವ ಮಟ್ಟಕ್ಕೆ ಬರಲು 5ರಿಂದ 7 ವರ್ಷ ಬೇಕು. ಅವರು ನೋಡಿದ್ದು ವಲಸೆ ಬಂದವರ ಮಕ್ಕಳನ್ನು. ಆದರೂ ನಮ್ಮಂಥ ಶಿಕ್ಷಕರಿಗೆ ಅದು ಕಣ್ಣು ತೆರೆಸುವ ಮಾತು. ಮಗು ಚೆನ್ನಾಗಿ ಮಾತಾಡುತ್ತದೆ ಅಂದ ಮಾತ್ರಕ್ಕೆ ಪಾಠದ ಭಾಷೆ ಬಂದಿದೆ ಅಂತ ಅಲ್ಲ. ವಿರಾಜಪೇಟೆಯಲ್ಲಿ ಟೀಚರ್‌ಗೆ ಈ ಗೊಂದಲ ಇರಲಿಲ್ಲ. ಅಲ್ಲಿ ಅಸ್ಸಾಮಿನ ಮಗು ಬಾಯಿ ಬಿಡದೆ ಕೂತಿರುತ್ತಿತ್ತು, ಕಷ್ಟ ಎದುರಿಗೇ ಕಾಣುತ್ತಿತ್ತು. ದ್ವೀಪದಲ್ಲಿ ಮಕ್ಕಳ ಚುರುಕು ಮಾತು ಆ ಕಷ್ಟವನ್ನು ಮುಚ್ಚಿಬಿಟ್ಟಿತ್ತು.

ಟೆಸ್ಟಿನ ನಂತರ ಟೀಚರ್ ಬಿಗಿಯಾದರು. ತರಗತಿಯಲ್ಲಿ ಇಂಗ್ಲಿಷ್ ಮಾತ್ರ, ದಿವೇಹಿ ಬೇಡ ಅಂದರು. ಅವರ ಕಡೆಯಿಂದ ನೋಡಿದರೆ ಅದಕ್ಕೆ ಅರ್ಥ ಇದೆ. ಮಕ್ಕಳು ತಮ್ಮತಮ್ಮಲ್ಲಿ ದಿವೇಹಿಯಲ್ಲಿ ಮಾತಾಡಿ ನಗುವಾಗ ಪಾಠದ ಬಗ್ಗೆ ಮಾತಾಡುತ್ತಿದ್ದಾರಾ, ತನ್ನ ಬಗ್ಗೆ ಆಡಿಕೊಳ್ಳುತ್ತಿದ್ದಾರಾ ಅಂತ ಗೊತ್ತಾಗುತ್ತಿರಲಿಲ್ಲ. ಅರ್ಥ ಆಗದ ನಗು ಟೀಚರ್‌ನ ಧೈರ್ಯವನ್ನೇ ತಿನ್ನುತ್ತದೆ. ಆದರೆ ಆ ನಿಯಮ ಬಂದ ಮೇಲೆ ತರಗತಿ ಶಾಂತವಾಯಿತು, ಕಲಿಕೆ ಹೆಚ್ಚಲಿಲ್ಲ. ಹಿಂದೆ ಕೂರುವ ಹುಡುಗರು ಪ್ರಶ್ನೆ ಕೇಳುವುದನ್ನೇ ಬಿಟ್ಟರು.

ಸ್ಟಾಫ್ ರೂಮಿನ ಕಥೆ ಬೇರೆ. ನನ್ನ ಲೆಕ್ಕದಲ್ಲಿ ಅವರನ್ನು ಜಾಸ್ತಿ ನೋಯಿಸಿದ್ದು ಅದೇ. ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗಿ ಹತ್ತು ನಿಮಿಷದಲ್ಲಿ ದಿವೇಹಿಗೆ ಜಾರುತ್ತಿತ್ತು. ಶಾಲೆಯ ಸಂದೇಶಗಳು ವೈಬರ್ ಗುಂಪಿನಲ್ಲಿ ಬರುತ್ತಿದ್ದವು, ಅಲ್ಲಿ ವಾಟ್ಸಾಪ್‌ಗಿಂತ ವೈಬರ್ ಬಳಕೆ. ಕೆಲವು ದಿವೇಹಿಯ ಸ್ವಂತ ಲಿಪಿಯಾದ ತಾನಾದಲ್ಲಿ, ಬಲದಿಂದ ಎಡಕ್ಕೆ. ಕೆಲವು ಇಂಗ್ಲಿಷ್ ಅಕ್ಷರದಲ್ಲಿ ಬರೆದ ದಿವೇಹಿ. ಒಂದು ಸಲ ಪೋಷಕರ ಸಭೆಯ ಹೊತ್ತು ಬದಲಾದದ್ದು ಗೊತ್ತಾಗದೆ ಟೀಚರ್ ಸಭೆ ಮುಗಿದ ಮೇಲೆ ಹೋದರು. ಯಾರೂ ಬೈಯಲಿಲ್ಲ. "ಬೈದಿದ್ದರೆ ಚೆನ್ನಾಗಿತ್ತು ಅಕ್ಕ, ನಾನು ಅಲ್ಲಿ ಇದ್ದೇನೆ ಅಂತಾದರೂ ಆಗುತ್ತಿತ್ತು" ಅಂದರು. ಆ ಶುಕ್ರವಾರ ವಾಪಸ್ ಬರುವ ಮಾತು ತೆಗೆದರು.

ಗೂಗಲ್ ಅನುವಾದ ಇಲ್ಲವೇ ಅಂತ ಕೇಳಬಹುದು. ಇದೆ. 2022ರಲ್ಲಿ ಅದಕ್ಕೆ ದಿವೇಹಿ ಸೇರಿತು. ಅಸ್ಸಾಮಿ, ಕೊಂಕಣಿಯೂ ಅದೇ ಸಲ ಸೇರಿದವು. ತಾನಾ ಲಿಪಿಯ ಸುತ್ತೋಲೆಗೆ ಅದು ತಕ್ಕಮಟ್ಟಿಗೆ ಕೆಲಸಕ್ಕೆ ಬಂತು. ಇಂಗ್ಲಿಷ್ ಅಕ್ಷರದಲ್ಲಿ, ಅರ್ಧ ಪದ ನುಂಗಿ ಬರೆದ ಸಂದೇಶಕ್ಕೆ ಏನೂ ಪ್ರಯೋಜನ ಆಗಲಿಲ್ಲ. ಮುಖ್ಯವಾದ ಬದಲಾವಣೆಗಳೆಲ್ಲ ಬರುತ್ತಿದ್ದದ್ದು ಅಂಥ ಸಂದೇಶದಲ್ಲೇ.

ತಿರುವು ಎಲ್ಲಿ ಬಂತು

ಮೊದಲ ಅವಧಿಯ ರಜೆಯಲ್ಲಿ ಟೀಚರ್ ಊರಿಗೆ ಬಂದಿದ್ದರು. ವಿರಾಜಪೇಟೆಯಲ್ಲಿ ಕೂತು ಮಾತಾಡಿದೆವು. ಆಗ ಅವರು ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದರು: ಹೇಗಾದರೂ ಮಾಡಿ ದಿವೇಹಿ ಕಲಿಯಬೇಕು, ಕಲಿತರೆ ಎಲ್ಲ ಸರಿಹೋಗುತ್ತದೆ. ಭಾಷೆ ಕಲಿಯುವುದು ಒಳ್ಳೆಯದೇ. ಆದರೆ ಏಳನೇ ತರಗತಿಯ ಬೀಜಗಣಿತ ವಿವರಿಸುವಷ್ಟು ದಿವೇಹಿ ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಆ ಮಕ್ಕಳು ಏನು ಮಾಡಬೇಕು?

ನಾನು ಅವರ ಹಳೆಯ ತರಗತಿಯ ಮಾತು ತೆಗೆದೆ. ಯರವ ಮಕ್ಕಳಿಗೆ ಭಿನ್ನರಾಶಿ ಕಲಿಸುವಾಗ ಅವರೇನು ಯರವ ಭಾಷೆ ಕಲಿತಿದ್ದರಾ? ಇಲ್ಲ. ಹಾಡಿಯ ಒಬ್ಬ ಹುಡುಗಿಗೆ ಮೊದಲು ಅರ್ಥ ಮಾಡಿಸುತ್ತಿದ್ದರು, ಅವಳು ಉಳಿದವರಿಗೆ ತಮ್ಮ ಮಾತಿನಲ್ಲಿ ಹೇಳುತ್ತಿದ್ದಳು, ಆಮೇಲೆ ಎಲ್ಲರೂ ಕನ್ನಡದಲ್ಲಿ ಬರೆಯುತ್ತಿದ್ದರು. ಅಸ್ಸಾಮಿನ ಅಣ್ಣ ತಂಗಿಯನ್ನು ಒಂದೇ ಬೆಂಚಿನಲ್ಲಿ ಕೂರಿಸುತ್ತಿದ್ದರು. ಇದನ್ನೆಲ್ಲ ಯಾರೂ ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಮಾಡದೆ ವಿಧಿ ಇರಲಿಲ್ಲ, ಮಾಡಿದರು.

"ಅದು ಬೇರೆ ಅಕ್ಕ, ಅದು ನಮ್ಮ ಊರು" ಅಂದರು. ಸ್ವಲ್ಪ ಹೊತ್ತಿನ ನಂತರ ಅವರೇ "ಆದರೆ ಅಲ್ಲೂ ನಾನು ಮಕ್ಕಳಿಗೆ ಬಾಯಿ ಮುಚ್ಚಿ ಅಂದಿದ್ದರೆ ಯಾರೂ ಕಲಿಯುತ್ತಿರಲಿಲ್ಲ" ಅಂದರು.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸುವುದು ಇದು. ಕೊಡಗಿನ ಶಾಲೆಯಲ್ಲಿ ಹತ್ತು ಮಾತಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುವುದು ದೊಡ್ಡ ಕೌಶಲ. ನಮ್ಮ ಶಿಕ್ಷಕರು ಅದನ್ನು ಕೌಶಲ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಅರ್ಜಿಯಲ್ಲಿ ಬರೆಯುವುದಿಲ್ಲ, ಸಂದರ್ಶನದಲ್ಲಿ ಹೇಳುವುದಿಲ್ಲ, ಬೇಕಾದಾಗ ನೆನಪಿಗೂ ಬರುವುದಿಲ್ಲ. ಹೊರದೇಶ ಅಂದ ತಕ್ಷಣ ತಮ್ಮ ಅನುಭವವನ್ನೆಲ್ಲ ಊರಲ್ಲೇ ಬಿಟ್ಟು ಖಾಲಿ ಕೈಯಲ್ಲಿ ಹೋಗುತ್ತಾರೆ.

ತರಗತಿಯಲ್ಲಿ ಮಾಡಿದ್ದು

ವಾಪಸ್ ಹೋದ ಮೇಲೆ "ಇಂಗ್ಲಿಷ್ ಮಾತ್ರ" ಅನ್ನುವ ನಿಯಮ ತೆಗೆದರು. ಅದರ ಬದಲು ಒಂದು ಕ್ರಮ ತಂದರು. ಲೆಕ್ಕವನ್ನು ಇಂಗ್ಲಿಷಿನಲ್ಲಿ ಓದುವುದು. ಆಮೇಲೆ ಇಬ್ಬಿಬ್ಬರು ಕೂತು ದಿವೇಹಿಯಲ್ಲಿ ಮಾತಾಡುವುದು, ಇದಕ್ಕೆ ಮೂರು ನಾಲ್ಕು ನಿಮಿಷ. ಕೊನೆಗೆ ಇಂಗ್ಲಿಷಿನಲ್ಲಿ ಉತ್ತರ ಹೇಳಿ ಬರೆಯುವುದು. ಪರೀಕ್ಷೆ ಇಂಗ್ಲಿಷಿನಲ್ಲೇ ಇರುವುದರಿಂದ ಕೊನೆಯ ಹೆಜ್ಜೆಯನ್ನು ಬಿಡುವಂತಿರಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ, ಗಣಿತ ಕಲಿಸುವವರಿಗೆ ಇದು ತಟ್ಟನೆ ಹತ್ತುತ್ತದೆ. "ಫೈವ್ ಲೆಸ್ ದ್ಯಾನ್ ಎಕ್ಸ್" ಅನ್ನುವುದನ್ನು ಬೀಜಗಣಿತದಲ್ಲಿ ಬರೆಯಿರಿ ಅಂದರೆ ಮಕ್ಕಳು 5 − x ಅಂತ ಬರೆಯುತ್ತಿದ್ದರು. ಕಿವಿಗೆ ಬಿದ್ದ ಕ್ರಮದಲ್ಲೇ ಬರೆಯುವುದು ಸಹಜ. ಸರಿ ಉತ್ತರ x − 5. ಕನ್ನಡದಲ್ಲಿ ಹೇಳಿ ನೋಡಿ: ಎಕ್ಸ್‌ಗಿಂತ ಐದು ಕಡಿಮೆ. ಎಕ್ಸ್ ಮೊದಲು ಬಂತು, ಐದು ಆಮೇಲೆ. ಬರೆಯುವ ಕ್ರಮವೂ ಅದೇ. ದಿವೇಹಿಯೂ ನಮ್ಮ ಭಾಷೆಯ ಹಾಗೆ ಕ್ರಿಯಾಪದ ಕೊನೆಗೆ ಬರುವ ಭಾಷೆ. ಮಕ್ಕಳು ಆ ವಾಕ್ಯವನ್ನು ಮೊದಲು ದಿವೇಹಿಯಲ್ಲಿ ಹೇಳಿಕೊಂಡು ಆಮೇಲೆ ಬರೆದಾಗ ಎಕ್ಸ್ ತಾನಾಗಿ ಮುಂದೆ ಬಂತು. ಟೀಚರ್‌ಗೆ ದಿವೇಹಿ ಬಾರದಿದ್ದರೂ ಕನ್ನಡ ಬಂದಿದ್ದರಿಂದ ಇದು ಹೊಳೆಯಿತು. ತಪ್ಪು ಗಣಿತದ್ದಲ್ಲ, ಇಂಗ್ಲಿಷ್ ವಾಕ್ಯದ್ದು ಅಂತ ಗೊತ್ತಾದ ಮೇಲೆ ಅವರು ಮಕ್ಕಳ ಉತ್ತರ ಪತ್ರಿಕೆಗಳನ್ನು ಬೇರೆ ಕಣ್ಣಿನಲ್ಲಿ ತಿದ್ದತೊಡಗಿದರು. ಯಾವ ತಪ್ಪು ಲೆಕ್ಕದ್ದು, ಯಾವುದು ಓದುವಿಕೆಯದ್ದು ಅಂತ ಎರಡು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿದರು. ಮಕ್ಕಳಿಗೂ ಅದರಿಂದ ಧೈರ್ಯ ಬಂತು. ತಾವು ಗಣಿತದಲ್ಲಿ ದಡ್ಡರು ಅಂದುಕೊಂಡಿದ್ದ ಹಲವರ ಕಾಗದದಲ್ಲಿ ಲೆಕ್ಕದ ತಪ್ಪು ತೀರಾ ಕಡಿಮೆ ಇತ್ತು.

ಗೋಡೆಗೆ ಪದಗಳ ಪಟ್ಟಿ ಬಂತು. ಒಂದು ಕಡೆ ಇಂಗ್ಲಿಷ್ ಪದ, ನಡುವೆ ಒಂದು ಚಿತ್ರ ಅಥವಾ ಸಣ್ಣ ಲೆಕ್ಕ, ಇನ್ನೊಂದು ಕಡೆ ಮಕ್ಕಳೇ ತಾನಾ ಲಿಪಿಯಲ್ಲಿ ಬರೆದ ದಿವೇಹಿ ಪದ. ಯಾವ ಪದ ಹಾಕಬೇಕು ಅಂತ ಮಕ್ಕಳು ವಾದ ಮಾಡುತ್ತಿದ್ದರು. ಆ ವಾದವೇ ಪಾಠ. "ಅಟ್ ಲೀಸ್ಟ್" ಅಂದರೆ ಆ ಸಂಖ್ಯೆಯೂ ಸೇರುತ್ತದಾ, ಇಲ್ಲವಾ ಅಂತ ಹತ್ತು ನಿಮಿಷ ಜಗಳ ನಡೆಯಿತಂತೆ. ಟೀಚರ್ ಸುಮ್ನೆ ನೋಡುತ್ತಾ ನಿಂತರು, ಕೊನೆಗೆ ಸಂಖ್ಯಾರೇಖೆ ಎಳೆದು ತೋರಿಸಿದರು. ಮಕ್ಕಳು ಅವರಿಗೆ ತಾನಾ ಅಕ್ಷರ ಹೇಳಿಕೊಟ್ಟರು. ಅಕ್ಷರಕ್ಕೆ ಮೇಲೆ ಕೆಳಗೆ ಸ್ವರದ ಗುರುತು ಹಾಕುವುದು ಕನ್ನಡದವರಿಗೆ ಹೊಸದಲ್ಲ. ಬಲದಿಂದ ಎಡಕ್ಕೆ ಓದುವುದಷ್ಟೇ ಹೊಸದು. ಟೀಚರ್ ತಪ್ಪು ಓದಿದಾಗ ತರಗತಿ ನಗುತ್ತಿತ್ತು. ಈಗ ಆ ನಗು ಯಾಕೆ ಅಂತ ಅವರಿಗೂ ಗೊತ್ತಿತ್ತು, ಅವರೂ ಜೊತೆಗೆ ನಗುತ್ತಿದ್ದರು.

ಮಾತಿನ ಲೆಕ್ಕಗಳ ಕಥೆ ಬದಲಿಸಿದರು. ಪುಸ್ತಕದ ರೈಲಿನ ಬದಲು ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರಿ. ಸೇಬಿನ ಬದಲು ಹಿಡಿದ ಟ್ಯೂನಾ ಮೀನು. ರೈಲನ್ನೇ ಕಾಣದ ದೇಶದ ಮಗುವಿಗೆ ಪ್ಲಾಟ್‌ಫಾರಂ ದಾಟುವ ರೈಲಿನ ಲೆಕ್ಕ ಕೊಟ್ಟರೆ ಅದು ಎರಡು ಕಷ್ಟವನ್ನು ಒಟ್ಟಿಗೆ ಹೊರಬೇಕಾಗುತ್ತದೆ. ಪರೀಕ್ಷೆಯಲ್ಲಿ ರೈಲು ಬರಬಹುದು, ಹಾಗಾಗಿ ಅವಧಿಯ ಕೊನೆಗೆ ರೈಲನ್ನೂ ತಂದರು. ಕೊಡಗಿನಲ್ಲೂ ರೈಲು ಮಾರ್ಗ ಇಲ್ಲ ಅಂತ ಮಕ್ಕಳಿಗೆ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತಂತೆ.

"ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನು ಬಿಟ್ಟರು. ಅದಕ್ಕೆ ಯಾವ ಊರಿನ ಮಕ್ಕಳೂ ಇಲ್ಲ ಅನ್ನುವುದಿಲ್ಲ. ಬದಲಿಗೆ ಪಾಠದ ಕೊನೆಗೆ ಚೀಟಿಯಲ್ಲಿ ಒಂದು ಸಣ್ಣ ಲೆಕ್ಕ ಮಾಡಿಸಿ ತೆಗೆದುಕೊಂಡರು. ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಕಲಿತರು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಬರೆದಿದ್ದಾರೆ: ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಎರಡನೇ ಭಾಷೆಯಲ್ಲಿ ಯೋಚಿಸುವ ಮಗುವಿಗೆ ಇನ್ನೂ ಜಾಸ್ತಿ ಬೇಕು. ಕಾಯುವುದು ಹೇಳಿದಷ್ಟು ಸುಲಭ ಅಲ್ಲ. ಹೊಸ ಜಾಗದಲ್ಲಿ ಅಳುಕು ಇರುವ ಟೀಚರ್‌ಗೆ ತರಗತಿಯ ಮೌನ ಹೆದರಿಸುತ್ತದೆ, ಬೇಗಬೇಗ ಮಾತು ತುಂಬಿಸುವ ಹಾಗಾಗುತ್ತದೆ.

ಸ್ಟಾಫ್ ರೂಮು ಮತ್ತು ಪೋಷಕರು

ತರಗತಿಯ ಉಪಾಯ ಸ್ಟಾಫ್ ರೂಮಿಗೆ ಆಗುವುದಿಲ್ಲ. ಅಲ್ಲಿ ಬೇಕಾದದ್ದು ಬಾಯಿ ಬಿಟ್ಟು ಕೇಳುವುದು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ, ಅದರಲ್ಲೂ ಹೊಸ ಕೆಲಸದಲ್ಲಿ, ಇದು ಕಷ್ಟ. ಅವರಾಗಿ ಹೇಳಲಿ ಅಂತ ಕಾಯುತ್ತೇವೆ. ಅಲ್ಲಿನವರು ಬೇಕಂತ ಬಿಟ್ಟಿರಲಿಲ್ಲ. ದಿನವಿಡೀ ಇಂಗ್ಲಿಷಿನಲ್ಲಿ ಪಾಠ ಮಾಡಿ ದಣಿದವರು ತಮ್ಮತಮ್ಮಲ್ಲಿ ತಮ್ಮ ಭಾಷೆ ಆಡುತ್ತಿದ್ದರು. ವಿರಾಜಪೇಟೆಯ ಸ್ಟಾಫ್ ರೂಮಿನಲ್ಲಿ ಬೇರೆ ಜಿಲ್ಲೆಯಿಂದ ಬಂದ ಮೇಷ್ಟ್ರ ಎದುರು ನಾವು ಕೊಡವ ತಕ್ಕ್‌ನಲ್ಲಿ ಮಾತಾಡುವಾಗ ಅವರಿಗೂ ಹೀಗೇ ಆಗಿರುತ್ತದೆ, ಅಲ್ವಾ?

ಟೀಚರ್ ಎರಡು ಕೋರಿಕೆ ಇಟ್ಟರು. ವಿಭಾಗದ ಲೀಡಿಂಗ್ ಟೀಚರ್ ಹತ್ತಿರ, ಮೀಟಿಂಗ್ ಯಾವ ಭಾಷೆಯಲ್ಲಾದರೂ ನಡೆಯಲಿ, ಕೊನೆಗೆ ಏನು ತೀರ್ಮಾನ ಆಯಿತು ಅನ್ನುವುದನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿ ಅಂದರು. ಅವರು ತಕ್ಷಣ ಒಪ್ಪಿದರು. ಇಷ್ಟು ದಿನ ಯಾಕೆ ಕೇಳಲಿಲ್ಲ ಅಂತ ಬೇಸರವನ್ನೂ ಮಾಡಿಕೊಂಡರು. ಎರಡನೆಯದು ಪಕ್ಕದ ತರಗತಿಯ ಸ್ಥಳೀಯ ಟೀಚರ್ ಜೊತೆ ಮಾಡಿಕೊಂಡ ಕೊಡುಕೊಳ್ಳುವಿಕೆ. ಅವರು ದಿನದ ವೈಬರ್ ಸಂದೇಶಗಳಲ್ಲಿ ಮುಖ್ಯವಾದದ್ದನ್ನು ಎರಡು ಸಾಲು ಇಂಗ್ಲಿಷಿನಲ್ಲಿ ಕಳಿಸುತ್ತಿದ್ದರು. ನಮ್ಮ ಟೀಚರ್ ಅವರ ತರಗತಿಯ ಗಣಿತದ ಕಷ್ಟದ ಪಾಠಗಳಿಗೆ ನೆರವಾಗುತ್ತಿದ್ದರು. ಬರೀ ಪಡೆಯುವುದಾಗಿದ್ದರೆ ಅದು ತಿಂಗಳೊಳಗೆ ನಿಲ್ಲುತ್ತಿತ್ತು. ಕೊಡುವುದೂ ಇದ್ದದ್ದರಿಂದ ಮುಂದುವರಿಯಿತು. ಈಗ ಅವರಿಬ್ಬರೂ ಗೆಳತಿಯರು, ಸಂಜೆ ಹೊತ್ತು ಮೀನಿನ ಕರಿದ ತಿಂಡಿ, ಚಹಾ ಜೊತೆಗೇ.

ಪೋಷಕರ ವಿಷಯದಲ್ಲಿ ಒಂದು ದಾರಿ ಕೆಟ್ಟಿತು, ಅದನ್ನೂ ಬರೆಯಬೇಕು. ಒಬ್ಬ ಹುಡುಗ ಸತತವಾಗಿ ಹಿಂದೆ ಬೀಳುತ್ತಿದ್ದ. ತಾಯಿ ಬಂದಾಗ ಆ ಹುಡುಗನೇ ನಡುವೆ ನಿಂತು ಭಾಷಾಂತರ ಮಾಡಿದ. ತಾಯಿ ನಗುತ್ತಾ ಹೋದರು. ಹುಡುಗ ಏನು ಹೇಳಿದ್ದ ಅಂತ ಆಮೇಲೆ ಗೆಳತಿಯಿಂದ ಗೊತ್ತಾಯಿತು: ಮಿಸ್ ಹೊಗಳಿದರು ಅಂತ. ಹುಡುಗನನ್ನು ದೂರುವಂತಿಲ್ಲ. ತನ್ನ ಬಗ್ಗೆ ತಾನೇ ಕೆಟ್ಟ ಸುದ್ದಿ ಒಯ್ಯುವ ಕೆಲಸವನ್ನು ಯಾವ ಮಗುವಿಗೂ ಕೊಡಬಾರದು. ನಮ್ಮ ಲೈನ್ ಮನೆ ಮಕ್ಕಳ ಪೋಷಕರು ಶಾಲೆಗೆ ಬಂದಾಗ ನಾವೂ ಹೆಚ್ಚಿನ ಸಲ ಇದನ್ನೇ ಮಾಡುತ್ತೇವೆ, ಮಗುವಿನ ಬಾಯಿಂದಲೇ ಹೇಳಿಸುತ್ತೇವೆ. ಟೀಚರ್ ಆಮೇಲೆ ಪೋಷಕರ ಭೇಟಿಗೆ ದೊಡ್ಡವರೊಬ್ಬರನ್ನು ಜೊತೆಗೆ ಕರೆದರು. ಆ ತಾಯಿಯನ್ನು ಮತ್ತೆ ಕರೆಸಿ ಮಾತಾಡಿದಾಗ ಹುಡುಗ ಸಂಜೆ ಅಪ್ಪನ ಜೊತೆ ದೋಣಿಯಲ್ಲಿ ಹೋಗುತ್ತಾನೆ, ಓದುವ ಹೊತ್ತಿಗೆ ನಿದ್ದೆ ಬಂದಿರುತ್ತದೆ ಅನ್ನುವುದು ತಿಳಿಯಿತು. ಅವನಿಗೆ ಹೋಮ್‌ವರ್ಕ್ ಕಡಿಮೆ ಮಾಡಿ, ಶಾಲೆಯಲ್ಲೇ ಬರೆಯಿಸಿದರು.

ದಿವೇಹಿಯನ್ನು ಅವರು ಕಲಿಯುತ್ತಲೇ ಇದ್ದಾರೆ. ಮೊದಲು ಬಾಯಿಗೆ ಹತ್ತಿದ್ದು ಆನ್, ನೂನ್, ಅಂದರೆ ಹೌದು, ಇಲ್ಲ. ಆಮೇಲೆ ಚೆನ್ನಾಗಿದೆ ಅನ್ನುವ ರಂಗಳು, ಧನ್ಯವಾದಕ್ಕೆ ಶುಕುರಿಯ್ಯಾ. ಅಂಗಡಿಯಲ್ಲಿ, ಫೆರಿಯಲ್ಲಿ ಅಷ್ಟು ಸಾಕು. ದಿವೇಹಿಯಲ್ಲಿ ಯಾರ ಜೊತೆ ಮಾತಾಡುತ್ತಿದ್ದೇವೆ ಅನ್ನುವುದರ ಮೇಲೆ ಗೌರವದ ಮಟ್ಟಗಳಿವೆ. ಅದು ತಪ್ಪಿದರೆ ಅನ್ನುವ ಅಂಜಿಕೆಯಿಂದ ಹಿರಿಯರ ಹತ್ತಿರ ಇನ್ನೂ ಇಂಗ್ಲಿಷೇ. ತಪ್ಪಾದರೂ ಆಡಲಿ ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ದೂರದಿಂದ ಬಂದವಳು ತಮ್ಮ ಮಾತು ಆಡಲು ನೋಡುತ್ತಿದ್ದಾಳೆ ಅಂತ ಯಾವ ಹಿರಿಯರೂ ಕೋಪ ಮಾಡಿಕೊಳ್ಳುವುದಿಲ್ಲ.

ಏನಾಯಿತು, ಏನಾಗಲಿಲ್ಲ

ಎರಡನೇ ಅವಧಿಯ ಪರೀಕ್ಷೆಯಲ್ಲಿ ಮಾತಿನ ಲೆಕ್ಕಗಳನ್ನು ಖಾಲಿ ಬಿಟ್ಟವರು ಕೆಲವೇ ಮಕ್ಕಳು. ಉತ್ತರ ಎಲ್ಲ ಸರಿ ಇತ್ತು ಅಂತ ಅಲ್ಲ, ಆದರೆ ಪ್ರಯತ್ನ ಇತ್ತು. ಪ್ರಯತ್ನ ಇದ್ದರೆ ಎಲ್ಲಿ ಎಡವಿದರು ಅಂತ ಟೀಚರ್‌ಗೆ ಕಾಣುತ್ತದೆ, ತಿದ್ದಬಹುದು. ಖಾಲಿ ಕಾಗದದಲ್ಲಿ ತಿದ್ದಲು ಏನೂ ಇರುವುದಿಲ್ಲ.

ಎಲ್ಲವೂ ಸರಿಯಾಗಲಿಲ್ಲ. ಎಂಟನೇ ತರಗತಿಯಲ್ಲಿ ಇಬ್ಬರು ಹುಡುಗಿಯರು ಜೋಡಿ ಮಾತುಕತೆಯಲ್ಲೂ ಬಾಯಿ ಬಿಡಲಿಲ್ಲ. ಅವರ ಕಷ್ಟ ಭಾಷೆಯದ್ದೋ, ಹಿಂದಿನ ತರಗತಿಗಳ ಗಣಿತ ಬಿಟ್ಟುಹೋದದ್ದೋ ಅಂತ ತಿಳಿಯಲು ದಿವೇಹಿಯಲ್ಲೇ ಕೂತು ಕೇಳುವವರು ಬೇಕಿತ್ತು. ಅದಕ್ಕೆ ಸಮಯ ಇರುವವರು ಸಿಗಲಿಲ್ಲ. ಮಕ್ಕಳು ಜೋಡಿಯಲ್ಲಿ ದಿವೇಹಿ ಆಡುವಾಗ ಕೆಲವರು ಬರೀ ಆಟದ ಮಾತಾಡುತ್ತಾರೆ, ಅದೂ ನಿಜ. ಟೀಚರ್ ಕೊನೆಯ ಬರವಣಿಗೆಯನ್ನು ಕಡ್ಡಾಯ ಮಾಡಿದ್ದರಿಂದ ಅದು ಅಷ್ಟಕ್ಕೇ ನಿಂತಿತು.

ಈ ಪ್ರಕರಣವನ್ನು ನಾನು ವಿರಾಜಪೇಟೆಯ ಶಿಕ್ಷಕರ ಸಭೆಯಲ್ಲಿ ಇಟ್ಟಾಗ ಹಿರಿಯ ಮೇಷ್ಟ್ರೊಬ್ಬರು ಒಂದು ಮಾತು ಕೇಳಿದರು: ಹೊರದೇಶದ ಮಕ್ಕಳ ಭಾಷೆಗೆ ಗೋಡೆಯಲ್ಲಿ ಜಾಗ ಕೊಟ್ಟರು, ಸರಿ. ನಮ್ಮ ತರಗತಿಯ ಗೋಡೆಯಲ್ಲಿ ಅಸ್ಸಾಮಿ ಪದ ಎಷ್ಟಿದೆ, ಯರವ ಮಾತು ಎಷ್ಟಿದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದ ಕಡೆಯಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ಒಂದೇ ಕೋಣೆಯಲ್ಲಿ ಐದು ಮನೆಮಾತು ಇರುವ ಕಡೆ ಅದನ್ನು ಹೇಗೆ ಮಾಡುವುದು ಅಂತ ನಮಗೆ ಯಾರೂ ತೋರಿಸಿಲ್ಲ. ಈ ಟೀಚರ್ ಮಾಡಿದ ಕ್ರಮಕ್ಕೆ ಹೊಸ ಪುಸ್ತಕ ಬೇಡ, ಹೊಸ ಶಿಕ್ಷಕರು ಬೇಡ. ಪಾಠದ ನಡುವೆ ಮೂರು ನಾಲ್ಕು ನಿಮಿಷ ಮಕ್ಕಳಿಗೆ ಅವರ ಮಾತು ಆಡಲು ಬಿಟ್ಟರೆ ಸಾಕು.

ಟೀಚರ್ ಈಗ ತಮ್ಮ ನಂತರ ಬರುವವರಿಗಾಗಿ ಒಂದು ಹಾಳೆ ಬರೆದಿಟ್ಟಿದ್ದಾರೆ. ಹೊರಗಿನ ಶಿಕ್ಷಕರು ಒಪ್ಪಂದ ಮುಗಿಸಿ ಹೋಗುತ್ತಾ ಬರುತ್ತಾ ಇರುವ ಶಾಲೆಯಲ್ಲಿ ಪ್ರತಿಯೊಬ್ಬರೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ, ಮಕ್ಕಳೂ ಪ್ರತಿ ಸಲ ಹೊಸಬರನ್ನು ಪಳಗಿಸಬೇಕಾಗುತ್ತದೆ. ಹಾಳೆಯಲ್ಲಿ ಯಾರನ್ನು ಯಾವ ವಿಷಯಕ್ಕೆ ಕೇಳಬೇಕು, ಯಾವ ಪಾಠದಲ್ಲಿ ಮಕ್ಕಳು ಭಾಷೆಯಿಂದ ಎಡವುತ್ತಾರೆ, ಯಾವ ಯಾವ ಮನೆಯವರ ಭೇಟಿಗೆ ಭಾಷಾಂತರಕ್ಕೆ ದೊಡ್ಡವರು ಬೇಕು ಅನ್ನುವುದೆಲ್ಲ ಇದೆ. ಹೊಸದಾಗಿ ಬಂದ ಕೇರಳದ ವಿಜ್ಞಾನ ಟೀಚರ್ ಅದನ್ನು ಬಳಸುತ್ತಿದ್ದಾರೆ. ಅದರ ಪ್ರತಿ ನನ್ನ ಹತ್ತಿರವೂ ಇದೆ. ಹೊರದೇಶಕ್ಕೆ ಹೋಗುವ ಮೊದಲು ಕೇಳಲು ಬರುವವರಿಗೆ ಸಂಬಳದ ಲೆಕ್ಕಕ್ಕಿಂತ ಮೊದಲು ಅದನ್ನೇ ಓದಲು ಕೊಡುತ್ತಿದ್ದೇನೆ. ವಿರಾಜಪೇಟೆಯ ಇಬ್ಬರು ಶಿಕ್ಷಕರು ತಮ್ಮ ತರಗತಿಗೆ ಅಂಥದ್ದೇ ಒಂದು ಹಾಳೆ ಬರೆಯಲು ಶುರು ಮಾಡಿದ್ದಾರೆ. ಕೊಯ್ಲಿನ ಕಾಲಕ್ಕೆ ಬಂದು ಸೇರುವ ಮಕ್ಕಳ ಹೆಸರು, ಮನೆಮಾತು, ಯಾರ ಪಕ್ಕ ಕೂರಿಸಿದರೆ ಮಾತಾಡುತ್ತಾರೆ ಅನ್ನುವುದನ್ನು ಅದರಲ್ಲಿ ಬರೆಯುತ್ತಿದ್ದಾರೆ.